ಮತ್ತೆ ಮತ್ತೆ ನ್ಯುಮೋನಿಯಾ, ಅದೂ ಒಂದೇ ಜಾಗದಲ್ಲಿ: ಮಕ್ಕಳ ಶ್ವಾಸಕೋಶದ ಹುಟ್ಟುದೋಷ ಯಾಕೆ ತಡವಾಗಿ ಸಿಗುತ್ತದೆ?

ಮಗುವಿಗೆ ಕೆಮ್ಮು, ಜ್ವರ. ಆಸ್ಪತ್ರೆಗೆ ಹೋದರೆ ಎಕ್ಸ್‌ರೇ ತೆಗೆದು ನ್ಯುಮೋನಿಯಾ ಅನ್ನುತ್ತಾರೆ. ಐದು ದಿನ ಅಡ್ಮಿಟ್, ಇಂಜೆಕ್ಷನ್, ನೆಬ್ಯುಲೈಸರ್. ಮಗು ಚೇತರಿಸಿಕೊಂಡು ಮನೆಗೆ ಬರುತ್ತದೆ. ನಾಲ್ಕು ತಿಂಗಳಿಗೆ ಮತ್ತೆ ಅದೇ ಪಾಡು. ಈ ಸಲ ತವರೂರಿನಲ್ಲಿ ಹುಷಾರು ತಪ್ಪಿದೆ. ಬೇರೆ ಆಸ್ಪತ್ರೆ, ಬೇರೆ ಡಾಕ್ಟರು, ಹೊಸ ಎಕ್ಸ್‌ರೇ. ಹಳೆಯ ಎಕ್ಸ್‌ರೇ ಎಲ್ಲಿದೆಯೋ ಗೊತ್ತಿಲ್ಲ. "ಇವನಿಗೆ ಸ್ವಲ್ಪ ಕಫದ ಮೈ, ದೊಡ್ಡವನಾದ ಹಾಗೆ ಸರಿಹೋಗುತ್ತೆ ಬಿಡಿ" ಅಂತ ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ.

ಇಷ್ಟೆಲ್ಲ ಆದರೂ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದಿದೆ. ಎರಡೂ ಸಲ ನ್ಯುಮೋನಿಯಾ ಕಾಣಿಸಿಕೊಂಡದ್ದು ಶ್ವಾಸಕೋಶದ ಅದೇ ಜಾಗದಲ್ಲಾ?

ನ್ಯುಮೋನಿಯಾ ಬಂದುಹೋಗುವುದು ಮಕ್ಕಳಲ್ಲಿ ಅಪರೂಪವೇನಲ್ಲ. ಆದರೆ ಒಂದು ವರ್ಷದಲ್ಲಿ ಎರಡು ಸಲ, ಅಥವಾ ಹುಟ್ಟಿದಾಗಿನಿಂದ ಒಟ್ಟು ಮೂರು ಸಲ ಬಂದರೆ, ನಡುವೆ ಎಕ್ಸ್‌ರೇ ತಿಳಿಯಾಗಿದ್ದರೂ ಸಹ, ಅದನ್ನು ಮರುಕಳಿಸುವ ನ್ಯುಮೋನಿಯಾ ಎಂದು ಪರಿಗಣಿಸಿ ಕಾರಣ ಹುಡುಕಬೇಕು ಅನ್ನುತ್ತದೆ ಮಕ್ಕಳ ವೈದ್ಯಶಾಸ್ತ್ರ. ಹುಡುಕಾಟ ಶುರುವಾಗುವುದೇ ಜಾಗದಿಂದ. ಒಮ್ಮೆ ಬಲಗಡೆ, ಒಮ್ಮೆ ಎಡಗಡೆ ಬಂದರೆ ಆಸ್ತಮಾ, ಹಾಲು ಶ್ವಾಸನಾಳಕ್ಕೆ ಇಳಿಯುವುದು, ಹೃದಯದಲ್ಲಿ ರಂಧ್ರ, ರೋಗನಿರೋಧಕ ಶಕ್ತಿಯ ಕೊರತೆ, ಇಂಥವುಗಳ ಕಡೆ ನೋಡಬೇಕು. ಪ್ರತಿ ಸಲ ಅದೇ ಮೂಲೆ ಬೆಳ್ಳಗಾಗುತ್ತಿದ್ದರೆ, ಅಲ್ಲೇ ಏನೋ ಇದೆ. ಆಟವಾಡುವಾಗ ಒಳಗೆ ಹೋದ ಕಡಲೆಬೀಜದ ಚೂರು ಇರಬಹುದು. ನಾಳವನ್ನು ಹೊರಗಿನಿಂದ ಒತ್ತುವ ಗಂಟು ಇರಬಹುದು. ಇಲ್ಲವೇ ಆ ಭಾಗ ಗರ್ಭದಲ್ಲೇ ಸರಿಯಾಗಿ ರೂಪುಗೊಂಡಿಲ್ಲದೆ ಇರಬಹುದು.

ಈ ಲೇಖನ ಆ ಕೊನೆಯ ಕಾರಣದ ಬಗ್ಗೆ. ಇವು ಅಪರೂಪದ ಕಾಯಿಲೆಗಳೇ ನಿಜ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮಾಡಬಲ್ಲ ಸರ್ಜನ್‌ಗಳು ನಮ್ಮಲ್ಲೂ ಇದ್ದಾರೆ. ಮಕ್ಕಳು ನರಳುತ್ತಿರುವುದು ಆಪರೇಷನ್ ಕಷ್ಟ ಅಂತ ಅಲ್ಲ, ಕಾಯಿಲೆ ಇದೆ ಅಂತ ಗೊತ್ತಾಗುವುದೇ ತಡವಾಗುತ್ತಿದೆ ಅಂತ.

ಬಲಗಡೆಯ ಶ್ವಾಸಕೋಶದಲ್ಲಿ ಮೂರು ಹಾಲೆ, ಅಂದರೆ ದೊಡ್ಡ ಭಾಗಗಳು, ಎಡಗಡೆ ಎರಡು. ಗರ್ಭದಲ್ಲಿ ಇವು ಕವಲೊಡೆಯುತ್ತ ಬೆಳೆಯುವಾಗ ಎಲ್ಲೋ ಒಂದು ಕವಲು ದಾರಿ ತಪ್ಪಿದರೆ ಗಾಳಿಗೂಡುಗಳ ಬದಲು ಗುಳ್ಳೆಗಳ ಗೊಂಚಲು ಬೆಳೆಯುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸಿಪಿಎಎಂ ಅಂತ ಬರೆದಿರುವುದು ಇದನ್ನೇ. ಹಿಂದೆ ಸಿಸಿಎಎಂ ಅನ್ನುತ್ತಿದ್ದರು. ಶ್ವಾಸಕೋಶದ ಹುಟ್ಟುದೋಷಗಳಲ್ಲಿ ಇದರದೇ ದೊಡ್ಡ ಪಾಲು. ಇನ್ನೊಂದು ಬಗೆಯಲ್ಲಿ ಶ್ವಾಸಕೋಶದ ಒಂದು ತುಂಡು ಶ್ವಾಸನಾಳದ ಸಂಪರ್ಕವೇ ಇಲ್ಲದೆ ಬೇರೆಯಾಗಿ ಬೆಳೆದಿರುತ್ತದೆ. ಅದಕ್ಕೆ ರಕ್ತ ಬರುವುದು ಶ್ವಾಸಕೋಶದ ರಕ್ತನಾಳದಿಂದಲ್ಲ, ನೇರವಾಗಿ ಮಹಾಧಮನಿಯಿಂದ. ಇದು ಸೀಕ್ವೆಸ್ಟ್ರೇಶನ್. ಮೂರನೆಯದು ಒಂದು ಹಾಲೆ ಮಾತ್ರ ವಿಪರೀತ ಉಬ್ಬಿಕೊಳ್ಳುವ ಲೋಬಾರ್ ಎಂಫಿಸೀಮಾ. ಶ್ವಾಸನಾಳದ ಪಕ್ಕದಲ್ಲಿ ನೀರುಗುಳ್ಳೆ ಕಟ್ಟುವ ಬ್ರಾಂಕೋಜೆನಿಕ್ ಸಿಸ್ಟ್ ಕೂಡ ಇದೇ ಕುಟುಂಬದ್ದು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದು ಕರುಳು ಎದೆಗೂಡಿಗೆ ಏರಿ ಕೂರುವ ಡಯಾಫ್ರಮ್ಯಾಟಿಕ್ ಹರ್ನಿಯಾ ಶ್ವಾಸಕೋಶದ ಕಾಯಿಲೆಯೇ ಅಲ್ಲ, ಆದರೂ ಅದರಿಂದ ಶ್ವಾಸಕೋಶ ಬೆಳೆಯದೆ ಕುಗ್ಗಿಹೋಗುತ್ತದೆ. ಸುಮಾರು 2,500ರಿಂದ 3,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಈ ಹರ್ನಿಯಾ ಇರುತ್ತದೆ. ಅಂದರೆ ಲಕ್ಷ ಹೆರಿಗೆಗೆ 33ರಿಂದ 40 ಮಕ್ಕಳು. ಇದು ಸಣ್ಣ ಸಂಖ್ಯೆಯಲ್ಲ.

ಇವುಗಳ ಸುಳಿವು ಮೊದಲು ಸಿಗಬೇಕಾದದ್ದು ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ. 18ರಿಂದ 20 ವಾರದ ನಡುವೆ ಮಾಡುವ ಅನಾಮಲಿ ಸ್ಕ್ಯಾನ್, ಹಲವೆಡೆ ಟಿಫಾ ಸ್ಕ್ಯಾನ್ ಅನ್ನುತ್ತಾರಲ್ಲ, ಅದೇ. ಅದರಲ್ಲಿ ಎದೆಯೊಳಗೆ ಗುಳ್ಳೆ ಅಥವಾ ಬೆಳ್ಳನೆಯ ಗಡ್ಡೆ ಕಂಡಿತು ಅಂದುಕೊಳ್ಳಿ. ಆ ಕೋಣೆಯಿಂದ ಹೊರಬಂದ ದಂಪತಿಗೆ ಕಾಲಡಿಯ ನೆಲವೇ ಕುಸಿದಂತಾಗುತ್ತದೆ. "ಈ ಮಗು ಬೇಡ, ತೆಗೆಸಿಬಿಡಿ" ಅನ್ನುವ ಸಲಹೆ ನೆಂಟರಿಂದ ಬರುತ್ತದೆ, ಕೆಲವೊಮ್ಮೆ ಆಸ್ಪತ್ರೆಯಿಂದಲೂ ಬರುತ್ತದೆ. ಇಲ್ಲಿ ಅವಸರ ಸಲ್ಲದು. ಗರ್ಭದಲ್ಲಿರುವ ಮಗುವಿನ ಮೈಯಲ್ಲಿ ನೀರು ತುಂಬಿಕೊಳ್ಳುವ ಹೈಡ್ರಾಪ್ಸ್ ಅನ್ನುವ ಸ್ಥಿತಿ ಇಲ್ಲದಿದ್ದರೆ, ಸಿಪಿಎಎಂ ಇರುವ ಮಕ್ಕಳಲ್ಲಿ ಬಹುಪಾಲು, ನೂರರಲ್ಲಿ 95ಕ್ಕೂ ಜಾಸ್ತಿ, ಬದುಕುತ್ತವೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದಾಗ ಉಳಿದ ಮಕ್ಕಳ ಹಾಗೆಯೇ ಅಳುತ್ತವೆ, ಹಾಲು ಕುಡಿಯುತ್ತವೆ.

ಅಪಾಯ ಎಷ್ಟು ಅಂತ ಅಂದಾಜು ಮಾಡಲು ಡಾಕ್ಟರುಗಳ ಬಳಿ ಒಂದು ಲೆಕ್ಕವಿದೆ. ಗಡ್ಡೆಯ ಉದ್ದ, ಅಗಲ, ಎತ್ತರ ಅಳೆದು ಅದರ ಗಾತ್ರ ಕಂಡುಹಿಡಿಯುತ್ತಾರೆ. ಅದನ್ನು ಮಗುವಿನ ತಲೆಯ ಸುತ್ತಳತೆಯಿಂದ ಭಾಗಿಸುತ್ತಾರೆ. ಬಂದ ಅಂಕಿ 1.6 ದಾಟಿದರೆ ಹೈಡ್ರಾಪ್ಸ್ ಆಗುವ ಸಾಧ್ಯತೆ ಜಾಸ್ತಿ. ಆಗ ವಾರವಾರ, ಕೆಲವೊಮ್ಮೆ ವಾರಕ್ಕೆರಡು ಸಲ ಸ್ಕ್ಯಾನ್ ಮಾಡಿ ಕಣ್ಣಿಡಬೇಕು. ಚಿಕ್ಕ ಗುಳ್ಳೆಗಳ ಬಗೆಯಾದರೆ ತಾಯಿಗೆ ಬೀಟಾಮೆಥಾಸೋನ್ ಇಂಜೆಕ್ಷನ್ ಕೊಟ್ಟು ಗಡ್ಡೆಯ ಬೆಳವಣಿಗೆ ತಡೆಯಲು ನೋಡುತ್ತಾರೆ. ಒಂದೇ ದೊಡ್ಡ ಗುಳ್ಳೆಯಾದರೆ ಸೂಜಿ ಹಾಕಿ ನೀರು ತೆಗೆಯುವ, ಸಣ್ಣ ನಳಿಕೆ ಇಡುವ ದಾರಿಯೂ ಇದೆ. ಆ ಅಂಕಿ ರಿಪೋರ್ಟಿನಲ್ಲಿ ಬರೆದಿಲ್ಲ ಅಂದರೆ ಕೇಳಿ ಬರೆಸಿಕೊಳ್ಳಬೇಕು. "ಎದೆಯಲ್ಲಿ ಗಡ್ಡೆ" ಅನ್ನುವ ಎರಡೇ ಪದದ ಮೇಲೆ ಒಂದು ಜೀವದ ತೀರ್ಮಾನ ಆಗಬಾರದು, ಅಲ್ವಾ? ಕಾನೂನಿನಲ್ಲೂ ಸಮಯವಿದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಭ್ರೂಣದಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರದ ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಗಡುವಿಗೆ ಹೆದರಿ ಇಂದೇ ನಿರ್ಧರಿಸಬೇಕಾಗಿಲ್ಲ. ಮೊದಲು ಭ್ರೂಣ ವೈದ್ಯ ತಜ್ಞರನ್ನೂ ಮಕ್ಕಳ ಸರ್ಜನ್ ಅವರನ್ನೂ ಭೇಟಿಯಾಗಿ ಮಾತಾಡಬಹುದು.

ಇದೇ ಹಂತದಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ನನ್ನ ಮಟ್ಟಿಗೆ ಇದು ಅತಿ ದೊಡ್ಡ ತಪ್ಪು. ಸಿಪಿಎಎಂ ಸಾಮಾನ್ಯವಾಗಿ 26ರಿಂದ 28 ವಾರದವರೆಗೆ ಬೆಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ಸುತ್ತಲಿನ ಶ್ವಾಸಕೋಶ ಬೆಳೆದು ಅದಕ್ಕೆ ಸಮನಾದಾಗ ಗಡ್ಡೆ ಸ್ಕ್ಯಾನ್‌ನಲ್ಲಿ ಮಸುಕಾಗುತ್ತದೆ, ಎಂಟನೇ ತಿಂಗಳಿಗೆ ಕಾಣದೇ ಹೋಗುವುದೂ ಉಂಟು. "ಎಲ್ಲ ಕರಗಿಹೋಗಿದೆ, ದೇವರು ದೊಡ್ಡವನು" ಅಂತ ಮನೆಯವರು ಹರಕೆ ತೀರಿಸುತ್ತಾರೆ. ಮಗು ಹುಟ್ಟುತ್ತದೆ. ಎಕ್ಸ್‌ರೇ ತೆಗೆದರೆ ಅದೂ ನಾರ್ಮಲ್. ಫೈಲು ಮುಚ್ಚಿಹೋಗುತ್ತದೆ. ಆದರೆ ಹೀಗೆ "ಮಾಯವಾದ" ಗುಳ್ಳೆಗಳಲ್ಲಿ ಹೆಚ್ಚಿನವು ಸಿಟಿ ಸ್ಕ್ಯಾನ್ ಮಾಡಿದರೆ ಇದ್ದ ಜಾಗದಲ್ಲೇ ಇರುತ್ತವೆ. ಗರ್ಭದಲ್ಲಿ ಒಮ್ಮೆ ಕಂಡಿದ್ದರೆ, ಆಮೇಲೆ ಕಾಣದಿದ್ದರೂ, ಹುಟ್ಟಿದ ಮೇಲೆ ಮೊದಲ ಆರು ತಿಂಗಳೊಳಗೆ ಒಂದು ಸಿಟಿ ಮಾಡಿಸುವುದು ಇವತ್ತು ಹೆಚ್ಚಿನ ಕೇಂದ್ರಗಳು ಪಾಲಿಸುವ ಕ್ರಮ. ಎಕ್ಸ್‌ರೇ ಚೆನ್ನಾಗಿದೆ ಅನ್ನುವುದು ಇಲ್ಲಿ ಸಾಕ್ಷಿಯಲ್ಲ.

ಆ ಸಿಟಿಯೂ ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡಿದ್ದಾಗಿರಬೇಕು. ಕಾರಣ ಸೀಕ್ವೆಸ್ಟ್ರೇಶನ್. ಮೊದಲೇ ಹೇಳಿದ ಹಾಗೆ ಅದಕ್ಕೆ ಮಹಾಧಮನಿಯಿಂದ ಒಂದು ಪ್ರತ್ಯೇಕ ರಕ್ತನಾಳ ಬಂದಿರುತ್ತದೆ. ಕೆಲವರಲ್ಲಿ ಈ ನಾಳ ವಪೆಯ ಕೆಳಗಿನಿಂದ, ಹೊಟ್ಟೆಯ ಭಾಗದಿಂದ ಹೊರಟು ಮೇಲೇರಿರುತ್ತದೆ. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ಅದು ಸುಲಭವಾಗಿ ಗೊತ್ತಾಗುವುದಿಲ್ಲ. ಸರ್ಜನ್‌ಗೆ ಅದರ ಸುಳಿವು ಇಲ್ಲದೆ ಕತ್ತರಿಸಿದರೆ, ತುಂಡಾದ ತುದಿ ಹೊಟ್ಟೆಯೊಳಕ್ಕೆ ಜಾರಿಕೊಳ್ಳುತ್ತದೆ. ಮಹಾಧಮನಿಯ ಒತ್ತಡದಲ್ಲಿ ರಕ್ತ ಹರಿಯುತ್ತದೆ, ಎದೆಯ ಕಡೆಯಿಂದ ಕೈಗೆ ಸಿಗುವುದಿಲ್ಲ. ಒಂದು ವರ್ಷದ ಮಗುವಿನ ಮೈಯಲ್ಲಿರುವ ರಕ್ತವೇ ಮುಕ್ಕಾಲು ಲೀಟರಿನ ಆಸುಪಾಸು. ಖರ್ಚು ಉಳಿಸಲು ಕಾಂಟ್ರಾಸ್ಟ್ ಬಿಟ್ಟು ಸುಮ್ನೆ ಸಾದಾ ಸಿಟಿ ಮಾಡಿಸಿದರೆ ಆಗುವ ನಷ್ಟ ಇದು.

ಗರ್ಭದಲ್ಲಿ ಗೊತ್ತಾಗದೆ ಹುಟ್ಟಿದ ಮಕ್ಕಳ ಪಾಡು ಬೇರೆಯೇ. ನಮ್ಮಲ್ಲಿ ಅಂಥವರೇ ಬಹಳ. ತಾಯಿ ಕಾರ್ಡಿನಲ್ಲಿ ಸ್ಕ್ಯಾನಿಂಗ್ ಆಗಿದೆ ಅಂತ ಬರೆದಿರುತ್ತದೆ. ಆದರೆ ಅದು ಮೂರನೇ ತಿಂಗಳಿನದೋ, ಒಂಬತ್ತನೆಯದೋ ಆಗಿರುತ್ತದೆ. ಮಧ್ಯದ ಮುಖ್ಯವಾದ ಸ್ಕ್ಯಾನ್ ತಪ್ಪಿಹೋಗಿರುತ್ತದೆ.

ಇಂಥ ಮಕ್ಕಳಲ್ಲಿ ತುರ್ತಾಗಿ ಬರುವುದು ಲೋಬಾರ್ ಎಂಫಿಸೀಮಾ. ಮೊದಲ ಕೆಲವು ವಾರಗಳಲ್ಲೇ ಉಸಿರಾಟ ಜೋರಾಗುತ್ತದೆ, ಹಾಲು ಕುಡಿಯುವಾಗ ದಣಿವು, ಪಕ್ಕೆ ಒಳಗೆಳೆದುಕೊಳ್ಳುತ್ತದೆ. ಹೆಚ್ಚಾಗಿ ಎಡಗಡೆಯ ಮೇಲಿನ ಹಾಲೆಗೆ ಬರುವ ತೊಂದರೆ ಇದು. ಆ ಹಾಲೆಗೆ ಹೋಗುವ ನಾಳದ ಮೃದ್ವಸ್ಥಿ ಗಟ್ಟಿಯಾಗಿಲ್ಲದ ಕಾರಣ, ಸೈಕಲ್ ಟ್ಯೂಬಿನ ವಾಲ್ವಿನಂತೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಾಲೆ ಉಬ್ಬುತ್ತ ಉಬ್ಬುತ್ತ ಹೃದಯವನ್ನೂ ಪಕ್ಕದ ಶ್ವಾಸಕೋಶವನ್ನೂ ತಳ್ಳುತ್ತದೆ. ಎಕ್ಸ್‌ರೇಯಲ್ಲಿ ಆ ಕಡೆ ಪೂರಾ ಕಪ್ಪು. ರಾತ್ರಿ ಪಾಳಿಯಲ್ಲಿರುವ ಡಾಕ್ಟರಿಗೆ ಅದು ನ್ಯೂಮೋಥೊರಾಕ್ಸ್‌ನಂತೆ, ಅಂದರೆ ಶ್ವಾಸಕೋಶ ಒಡೆದು ಗಾಳಿ ಹೊರಗೆ ತುಂಬಿಕೊಂಡಂತೆ ಕಾಣುತ್ತದೆ. ಅದಕ್ಕೆ ಚಿಕಿತ್ಸೆ ಪಕ್ಕೆಯಲ್ಲಿ ಟ್ಯೂಬ್ ಹಾಕುವುದು. ಲೋಬಾರ್ ಎಂಫಿಸೀಮಾದಲ್ಲಿ ಟ್ಯೂಬ್ ಹಾಕಿದರೆ ಅದು ಚುಚ್ಚುವುದು ಶ್ವಾಸಕೋಶವನ್ನೇ.

ವ್ಯತ್ಯಾಸ ಗುರುತಿಸುವುದು ಹೇಗೆ? ಆ ಕಪ್ಪು ಭಾಗವನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಬೇಕು. ನ್ಯೂಮೋಥೊರಾಕ್ಸ್ ಆದರೆ ಶ್ವಾಸಕೋಶ ಮುದುಡಿ ನಡುವಿನ ಕಡೆ ಕೂತಿರುತ್ತದೆ, ಹೊರಭಾಗದಲ್ಲಿ ಒಂದು ಗೆರೆಯೂ ಇರುವುದಿಲ್ಲ. ಎಂಫಿಸೀಮಾದಲ್ಲಿ ಕಪ್ಪಿನೊಳಗೇ ಕೂದಲೆಳೆಯಂಥ ರಕ್ತನಾಳದ ಗೆರೆಗಳು ಅಂಚಿನವರೆಗೂ ಹರಡಿರುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಎಕ್ಸ್‌ರೇಯಲ್ಲಿ ಈ ಗೆರೆಗಳು ಅಳಿಸಿಹೋಗುತ್ತವೆ. ಅನುಮಾನವಿದ್ದರೆ, ಮಗು ತಡೆದುಕೊಳ್ಳುವಂತಿದ್ದರೆ, ಒಂದು ಸಿಟಿ ಮಾಡಿ ಮುಂದುವರಿಯುವುದು ವಾಸಿ. ಡಯಾಫ್ರಮ್ಯಾಟಿಕ್ ಹರ್ನಿಯಾದಲ್ಲೂ ಇಂಥದೇ ಬಲೆ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮಾಸ್ಕ್ ಹಿಡಿದು ಗಾಳಿ ಒತ್ತುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ಗಾಳಿ ಕರುಳಿಗೂ ಹೋಗುತ್ತದೆ, ಎದೆಯೊಳಗಿರುವ ಕರುಳು ಉಬ್ಬಿ ಇರುವ ಅಷ್ಟಿಷ್ಟು ಶ್ವಾಸಕೋಶವನ್ನೂ ಅಮುಕುತ್ತದೆ. ಮಗುವಿನ ಹೊಟ್ಟೆ ಒಳಕ್ಕೆ ಅಂಟಿಕೊಂಡಂತಿದ್ದರೆ, ಎಡಗಡೆ ಉಸಿರಿನ ಶಬ್ದ ಕೇಳದಿದ್ದರೆ, ಮಾಸ್ಕ್ ಬಿಟ್ಟು ನೇರ ಶ್ವಾಸನಾಳಕ್ಕೆ ನಳಿಕೆ ಇಳಿಸಬೇಕು, ಹೊಟ್ಟೆಗೊಂದು ಟ್ಯೂಬ್ ಹಾಕಿ ಗಾಳಿ ತೆಗೆಯಬೇಕು. ಹೆರಿಗೆ ವಾರ್ಡಿನ ನರ್ಸ್‌ಗಳಿಗೂ ಇದು ಗೊತ್ತಿರಬೇಕಾದ ವಿಷಯ.

ಇಷ್ಟು ತುರ್ತಾಗಿ ಬಾರದೆ, ಮೆಲ್ಲಗೆ ಕಾಡುವ ಮಕ್ಕಳಿಗೆ ನಮ್ಮ ದೇಶದಲ್ಲಿ ಇನ್ನೊಂದು ಹಣೆಪಟ್ಟಿ ಕಾದಿರುತ್ತದೆ: ಟಿಬಿ. ವಾಸಿಯಾಗದ ಕೆಮ್ಮು, ತೂಕ ಏರುತ್ತಿಲ್ಲ, ಎಕ್ಸ್‌ರೇಯಲ್ಲಿ ಹೋಗದ ನೆರಳು, ಒಳಗೊಂದು ಪೊಳ್ಳು. ಟಿಬಿ ಇಷ್ಟು ಹರಡಿರುವ ದೇಶದಲ್ಲಿ ಡಾಕ್ಟರಿಗೆ ಮೊದಲು ಅದೇ ನೆನಪಾಗುವುದು ತಪ್ಪಲ್ಲ. ತಪ್ಪಾಗುವುದು ಎಲ್ಲಿ ಅಂದರೆ, ಕಫದಲ್ಲಿ ಅಥವಾ ಜಠರದಿಂದ ತೆಗೆದ ನೀರಿನಲ್ಲಿ ಕ್ರಿಮಿ ಸಿಗದಿದ್ದರೂ, ಮನೆಯಲ್ಲಿ ಯಾರಿಗೂ ಟಿಬಿ ಇಲ್ಲದಿದ್ದರೂ, ಆರು ತಿಂಗಳ ಮಾತ್ರೆ ಶುರುಮಾಡಿ, ಅದು ಮುಗಿದು ನೆರಳು ಹಾಗೇ ಇದ್ದರೆ "ಔಷಧಿ ಸರಿಯಾಗಿ ತಗೊಂಡಿಲ್ಲ" ಅಂತ ತಾಯಿಯನ್ನು ಬೈದು ಮತ್ತೊಂದು ಸುತ್ತು ಕೊಡುವಲ್ಲಿ. ಎರಡು ತಿಂಗಳ ಔಷಧಿಗೂ ನೆರಳು ಅಲುಗಾಡಿಲ್ಲ ಅಂದರೆ ಅಲ್ಲೇ ನಿಂತು ಯೋಚಿಸಬೇಕು, ಸಿಟಿ ಮಾಡಿಸಬೇಕು.

ಎಲ್ಲ ಕೆಮ್ಮೂ ಆಪರೇಷನ್ನಿಗೆ ಹೋಗುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಮೊದಲ ದಿನವೇ ಉಸಿರಾಟದ ತೊಂದರೆ, ಅಂದಿನಿಂದ ಬಿಡದ ಮೂಗು ಸೋರುವಿಕೆ, ಗೊರಗೊರ ಕೆಮ್ಮು, ಕಿವಿ ಸೋರುವಿಕೆ ಇದ್ದರೆ ಅದು ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ ಇರಬಹುದು. ಕಫವನ್ನು ಮೇಲೆ ತಳ್ಳುವ ಸೂಕ್ಷ್ಮ ರೋಮಗಳು ಕೆಲಸ ಮಾಡದ ಕಾಯಿಲೆ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ ಇರುತ್ತದೆ. ಇದು ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಜೀನ್ ದೋಷ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಇಂದಿಗೂ ನಡೆಯುವ ನಮ್ಮ ಕಡೆ ಇದರ ಸಾಧ್ಯತೆ ಹೆಚ್ಚು. ಕಫ ಗಟ್ಟಿಯಾಗಿ ಅಂಟಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್ ಕೂಡ ಹಾಗೆಯೇ. ಇವುಗಳಿಗೆ ದಿನನಿತ್ಯದ ಫಿಸಿಯೋಥೆರಪಿ, ಆ್ಯಂಟಿಬಯಾಟಿಕ್, ಲಸಿಕೆ ಮುಖ್ಯ. ಆದರೆ ಸಿಪಿಎಎಂ, ಸೀಕ್ವೆಸ್ಟ್ರೇಶನ್ ಸಾಮಾನ್ಯವಾಗಿ ವಂಶದಲ್ಲಿ ಹರಿದುಬರುವುದಿಲ್ಲ. ಬಸುರಿ ಗ್ರಹಣ ನೋಡಿದಳು, ಪಪಾಯ ತಿಂದಳು ಅನ್ನುವ ಮಾತುಗಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ತಾಯಿ ಮಾಡಿದ್ದರಿಂದ, ಮಾಡದೆ ಬಿಟ್ಟದ್ದರಿಂದ ಬಂದದ್ದಲ್ಲ. ಇದನ್ನು ಡಾಕ್ಟರು ಅತ್ತೆ ಮಾವಂದಿರ ಎದುರಿಗೇ ಹೇಳಿದರೆ ಆ ಹೆಣ್ಣುಮಗಳಿಗೆ ಅರ್ಧ ಭಾರ ಇಳಿದಂತೆ.

ಉಸಿರಾಟದ ತೊಂದರೆ, ಮತ್ತೆ ಮತ್ತೆ ಸೋಂಕು ಇದ್ದರೆ ಆಪರೇಷನ್ ಬೇಕು, ಅದರಲ್ಲಿ ಯಾರಿಗೂ ತಕರಾರಿಲ್ಲ. ಕೆಟ್ಟ ಹಾಲೆಯನ್ನು ತೆಗೆಯುತ್ತಾರೆ. ವಾದ ಇರುವುದು ಸಿಟಿಯಲ್ಲಿ ಗುಳ್ಳೆ ಇದೆ, ಮಗು ಮಾತ್ರ ಗುಂಡುಗುಂಡಾಗಿ ಆಡಿಕೊಂಡಿದೆ ಅನ್ನುವಾಗ. ಆರೋಗ್ಯವಾಗಿರುವ ಮಗುವಿನ ಎದೆಗೆ ಕತ್ತರಿ ಹಾಕಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಕೆಲವು ಕೇಂದ್ರಗಳು ಕಾಯೋಣ, ವರ್ಷವರ್ಷ ನೋಡೋಣ ಅನ್ನುತ್ತವೆ. ಬಹಳ ಕೇಂದ್ರಗಳು ಮೊದಲ ವರ್ಷದ ಆಸುಪಾಸಿನಲ್ಲೇ ತೆಗೆಯುವುದು ಒಳ್ಳೆಯದು ಅನ್ನುತ್ತವೆ. ಒಮ್ಮೆ ಸೋಂಕು ಆದ ಮೇಲೆ ಹಾಲೆ ಎದೆಗೋಡೆಗೆ ಅಂಟಿಕೊಳ್ಳುತ್ತದೆ, ಆಪರೇಷನ್ ಕಷ್ಟವಾಗುತ್ತದೆ, ರಕ್ತ ಜಾಸ್ತಿ ಹೋಗುತ್ತದೆ. ಜೊತೆಗೆ ಚಿಕ್ಕ ಮಕ್ಕಳಲ್ಲಿ ಹೊಸ ಗಾಳಿಗೂಡುಗಳು ಇನ್ನೂ ಹುಟ್ಟುತ್ತಿರುತ್ತವೆ. ಹುಟ್ಟುವಾಗ ಕೆಲವೇ ಕೋಟಿ ಇರುವುದು ದೊಡ್ಡವರಾಗುವಷ್ಟರಲ್ಲಿ 30 ಕೋಟಿ ದಾಟುತ್ತದೆ. ಹಾಗಾಗಿ ಬೇಗ ಹಾಲೆ ತೆಗೆದ ಮಗುವಿನಲ್ಲಿ ಉಳಿದ ಶ್ವಾಸಕೋಶ ಬೆಳೆದು ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಓಡಾಟ, ಆಟ, ಶಾಲೆ ಎಲ್ಲ ಉಳಿದವರಂತೆಯೇ.

ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ಪ್ಲೂರೊಪಲ್ಮನರಿ ಬ್ಲಾಸ್ಟೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಮೊದಲ ಹಂತದಲ್ಲಿ ಬರೀ ಗುಳ್ಳೆಗಳಾಗಿ ಕಾಣುತ್ತದೆ. ಸಿಟಿಯಲ್ಲಿ ಅದನ್ನೂ ಸಿಪಿಎಎಂ ಅನ್ನೂ ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ಗುಳ್ಳೆಯ ಹಂತದಲ್ಲೇ ತೆಗೆದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಗಟ್ಟಿ ಗಡ್ಡೆಯಾಗುವವರೆಗೆ ಬಿಟ್ಟರೆ ಅದು ಅರ್ಧದಷ್ಟಕ್ಕೆ ಇಳಿಯುತ್ತದೆ. ಇದಕ್ಕೆ ಕಾರಣವಾಗುವ ಡೈಸರ್-1 ಜೀನ್ ದೋಷ 2009ರಲ್ಲಿ ಪತ್ತೆಯಾಯಿತು. ಎರಡೂ ಕಡೆ ಗುಳ್ಳೆಗಳಿದ್ದರೆ, ಕುಟುಂಬದಲ್ಲಿ ಚಿಕ್ಕವಯಸ್ಸಿನ ಥೈರಾಯ್ಡ್ ಗಂಟು, ಕಿಡ್ನಿಯ ಗುಳ್ಳೆಗಡ್ಡೆ ಇದ್ದರೆ ಆ ಜೀನ್ ಪರೀಕ್ಷೆ ಮಾಡಿಸಬೇಕು. ತೆಗೆದ ಹಾಲೆಯ ಬಯಾಪ್ಸಿ ರಿಪೋರ್ಟನ್ನು ಬಿಡದೆ ಪಡೆದು ಡಾಕ್ಟರಿಗೆ ತೋರಿಸಬೇಕು. ಗಾಯ ವಾಸಿಯಾಯಿತು ಅಂತ ಬಹಳ ಮಂದಿ ಅದನ್ನು ತರಲು ಹೋಗುವುದೇ ಇಲ್ಲ.

ನನಗೆ ಅನ್ನಿಸುವುದು ಹೀಗೆ. ನಿಯಮಿತವಾಗಿ ದೊಡ್ಡಾಸ್ಪತ್ರೆಗೆ ಬಂದುಹೋಗಬಲ್ಲ ಕುಟುಂಬಕ್ಕೆ ಕಾಯುವುದು ಒಂದು ಆಯ್ಕೆ. ಬೀದರಿನ ಹಳ್ಳಿಯಿಂದಲೋ ಚಾಮರಾಜನಗರದ ಹಾಡಿಯಿಂದಲೋ ಬರುವವರಿಗೆ "ಪ್ರತಿ ಆರು ತಿಂಗಳಿಗೆ ಬನ್ನಿ" ಅನ್ನುವುದು ಅವರನ್ನು ಕೈಬಿಟ್ಟಂತೆಯೇ. ಅಂಥ ಮಗುವಿಗೆ ಯೋಜಿಸಿ ಮಾಡುವ ಒಂದು ಆಪರೇಷನ್ನೇ ಸುರಕ್ಷಿತ. ಅನುಭವವಿರುವ ಕಡೆ ಇದನ್ನು ದೊಡ್ಡ ಗಾಯವಿಲ್ಲದೆ ಮೂರು ನಾಲ್ಕು ಸಣ್ಣ ತೂತುಗಳ ಮೂಲಕವೇ ಮಾಡುತ್ತಾರೆ.

ದುಡ್ಡಿನ ವಿಷಯ ಚುಟುಕಾಗಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜರಿ ವಿಭಾಗವೇ ಇದೆ.

ಮುಖ್ಯ ಕೊರತೆ ಇರುವುದು ಅದಕ್ಕೂ ಮುಂಚಿನ ಹಂತದಲ್ಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ, ಶಾಲೆಗೆ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರ ಕೈಯಲ್ಲಿರುವ ಹುಟ್ಟುದೋಷಗಳ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಸೀಳುತುಟಿ, ಸೊಟ್ಟಪಾದ, ಹುಟ್ಟು ಪೊರೆ, ಹುಟ್ಟು ಕಿವುಡು, ಹೃದಯದ ದೋಷ ಹೀಗೆ. ಶ್ವಾಸಕೋಶ ಅದರಲ್ಲಿ ಇಲ್ಲ. ಕಾಯಿಲೆಗಳ ಪಟ್ಟಿಯಲ್ಲಿ ಕೆಮ್ಮುವ ಮಗುವಿಗೆ ಇರುವ ಖಾನೆ ಉಬ್ಬಸದ್ದು. ಹಾಗಾಗಿ ತಂಡ ಎಷ್ಟೇ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ ಈ ಮಗು ಉಬ್ಬಸದ ಖಾನೆಗೆ ಬೀಳುತ್ತದೆ. ಹೃದಯದ ದೋಷ ಆ ಪಟ್ಟಿಗೆ ಸೇರಿದ್ದರಿಂದ ಎಷ್ಟೋ ಬಡ ಮಕ್ಕಳಿಗೆ ಉಚಿತ ಆಪರೇಷನ್ನಿನ ದಾರಿ ತೆರೆಯಿತು. ಅದೇ ದಾರಿ ಇವರಿಗೂ ಬೇಕು. ತಪಾಸಣಾ ನಮೂನೆಗೆ ಎರಡೇ ಸಾಲು ಸೇರಿಸಿದರೆ ಸಾಕು: ಈ ಮಗು ನ್ಯುಮೋನಿಯಾಕ್ಕೆ ಎಷ್ಟು ಸಲ ಅಡ್ಮಿಟ್ ಆಗಿದೆ? ಪ್ರತಿ ಸಲ ಯಾವ ಕಡೆ? ತಾಯಿ ಕಾರ್ಡಿನಲ್ಲಿ ಐದನೇ ತಿಂಗಳ ಸ್ಕ್ಯಾನಿನ ಎದೆಯ ವಿವರಕ್ಕೆ ಒಂದು ಖಾನೆ ಮಾಡಿ, ಅದು ಮಗುವಿನ ಲಸಿಕೆ ಕಾರ್ಡಿಗೂ ದಾಟುವಂತಾಗಬೇಕು. ಆಗ "ಮಾಯವಾದ" ಗುಳ್ಳೆಯ ನೆನಪು ಕಾಗದದಲ್ಲಾದರೂ ಉಳಿಯುತ್ತದೆ.

ಅಲ್ಲಿಯವರೆಗೆ ಈ ಕೆಲಸ ಮನೆಯವರ ಮೇಲೆಯೇ ಬೀಳುತ್ತದೆ. ಪ್ರತಿ ಎಕ್ಸ್‌ರೇ ಫಿಲ್ಮ್, ಡಿಸ್ಚಾರ್ಜ್ ಸಮ್ಮರಿ, ಗರ್ಭದಲ್ಲಿದ್ದಾಗಿನ ಸ್ಕ್ಯಾನ್ ರಿಪೋರ್ಟು ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇರಲಿ. ಊರು ಬದಲಾದರೂ ಫೈಲು ಜೊತೆಗೆ ಹೋಗಲಿ. ನ್ಯುಮೋನಿಯಾ ವಾಸಿಯಾದ ಆರು ವಾರಕ್ಕೆ ಎಕ್ಸ್‌ರೇ ತಿಳಿಯಾಗಿದೆಯೇ ಅಂತ ಇನ್ನೊಮ್ಮೆ ನೋಡಿ ಎಂದು ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ, ಅದರಲ್ಲೂ ಇದು ಮೊದಲ ಸಲ ಅಲ್ಲದಿದ್ದರೆ. ಮಗು ಮಲಗಿದ್ದಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40 ಮುಟ್ಟಿದರೆ ಅಥವಾ ದಾಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಆ ಫೈಲನ್ನು ಮರೆಯಬೇಡಿ.